ಮೂರು ಸಿಲಿಂಡರಿನ ಸಣ್ಣ ಕಾರಿಗೆ ಪಾಲಿಯುರೆಥೇನ್ ಎಂಜಿನ್ ಮೌಂಟಿಂಗ್ ಹಾಕಿಸಬಹುದೇ?

ಬೆಣ್ಣೆನಗರಿ ಚಾಲಕ:
ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರು. ವಾರವೆಲ್ಲ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಿಂತು ನಿಂತು ಓಡುತ್ತದೆ, ರಜೆಯಲ್ಲಿ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ಹೋಗುತ್ತದೆ. ಇತ್ತೀಚೆಗೆ ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಕಾರು ಜಗ್ಗುತ್ತದೆ, ರಿವರ್ಸ್ ಹಾಕಿ ಹೊರಟರೆ ಕೆಳಗಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಗ್ಯಾರೇಜಿನವರು ಮೌಂಟಿಂಗ್ (ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರಿನ ಆಧಾರ) ಹೋಗಿದೆ ಎನ್ನುತ್ತಾರೆ. ಹೇಗೂ ಬದಲಿಸಬೇಕಾಗಿರುವುದರಿಂದ ಮೂರೂ ಕಡೆ ರಬ್ಬರಿಗಿಂತ ಬಿಗಿಯಾದ ಪಾಲಿಯುರೆಥೇನ್ ಹಾಕಿಸಿದರೆ ಗೇರು ಬದಲಾವಣೆ ಬಿಗಿಯಾಗಿ, ಬಾಳಿಕೆಯೂ ಹೆಚ್ಚಾಗುವುದೇ? ಆದರೆ ಬೆನ್ನುನೋವಿರುವ ನನ್ನ ತಾಯಿಯವರು ಇದೇ ಕಾರಿನಲ್ಲಿ ಓಡಾಡುವುದರಿಂದ ನಡುಕ ಹೆಚ್ಚಾಗುವುದು ಬೇಡ.

ಕೋಟೆನಾಡಿನವ:
ಧಾರಾಳವಾಗಿ ಹಾಕಿಸಿ. ನನ್ನ ಕಾರಿನಲ್ಲಿ ಮೂರೂ ಪಾಲಿಯುರೆಥೇನ್ ಇವೆ. ಗೇರ್ ಲಿವರ್ ಈಗ ಅಲುಗಾಡುವುದಿಲ್ಲ. ಹೊಳಲ್ಕೆರೆ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕುವಾಗ ಆಕ್ಸಿಲರೇಟರ್ ತುಳಿದ ತಕ್ಷಣ ಕಾರು ಸ್ಪಂದಿಸುತ್ತದೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಸ್ವಲ್ಪ ನಡುಕ ಇದೆ, ಆದರೆ ಸಹಿಸಲಾಗದಷ್ಟಲ್ಲ. ನನ್ನದು ನಾಲ್ಕು ಸಿಲಿಂಡರಿನ ಕಾರು ಎಂಬುದನ್ನು ಮಾತ್ರ ಗಮನಿಸಿ.

ಸ್ಪ್ಯಾನರ್ 17:
ಕೋಟೆನಾಡಿನವರು ಕೊನೆಯಲ್ಲಿ ಹೇಳಿದ ಮಾತಿನಲ್ಲೇ ಉತ್ತರವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿದರೆ, ಮೂರು ಸಿಲಿಂಡರಿನದು ಒಂದೂವರೆ ಸಲ ಉರಿಯುತ್ತದೆ. ಆದ್ದರಿಂದ ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಮೊದಲನೆಯದರ ಮುಖ್ಯ ಕಂಪನ ಸುಮಾರು 27 ಹರ್ಟ್ಸ್ (ಸೆಕೆಂಡಿಗೆ 27 ಸಲ), ಎರಡನೆಯದರದು 20 ಹರ್ಟ್ಸ್. ಮೌಂಟಿಂಗ್ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಒಂದು ಸಹಜ ಆವೃತ್ತಿ (ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ಕುಣಿಯುತ್ತದೆ ಎಂಬುದು) ಇರುತ್ತದೆ. ಕಂಪನವು ಅದರ 1.41 ಪಟ್ಟನ್ನು ದಾಟಿದ ಮೇಲಷ್ಟೇ ರಬ್ಬರು ಅದನ್ನು ತಡೆಯತೊಡಗುತ್ತದೆ, ಅದಕ್ಕಿಂತ ಕೆಳಗೆ ಕಂಪನವನ್ನು ಹೆಚ್ಚಿಸಿ ಕಾರಿನ ಮೈಗೆ ದಾಟಿಸುತ್ತದೆ. ಸಹಜ ಆವೃತ್ತಿ 10 ಹರ್ಟ್ಸ್ ಎಂದುಕೊಂಡರೆ 14ರ ಮೇಲೆ ಎಲ್ಲವೂ ಕ್ಷೇಮ. ಮೌಂಟಿಂಗ್‌ನ ಬಿಗಿತವನ್ನು ಎರಡೂಕಾಲು ಪಟ್ಟು ಮಾಡಿದರೆ ಸಹಜ ಆವೃತ್ತಿ 15ಕ್ಕೆ, ಗಡಿ 21ಕ್ಕೆ ಏರುತ್ತದೆ. ಆಗ ಅವರ 27 ಹರ್ಟ್ಸ್ ಇನ್ನೂ ಪಾರಾಗುತ್ತದೆ, ನಿಮ್ಮ 20 ಹರ್ಟ್ಸ್ ಸಿಕ್ಕಿಬೀಳುತ್ತದೆ. ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತಾಗ ಸೀಟು, ಸ್ಟಿಯರಿಂಗ್, ಕನ್ನಡಿ ಎಲ್ಲವೂ ಅದನ್ನು ಹೇಳತೊಡಗುತ್ತವೆ. ಲೆಕ್ಕಕ್ಕೆ ಹಿಡಿದ ಅಂಕಿಗಳು ಕಾರಿನಿಂದ ಕಾರಿಗೆ ಬದಲಾಗುತ್ತವೆ, ದಿಕ್ಕು ಬದಲಾಗದು.

ಇನ್ನೊಂದು ಸಂಗತಿ. ಮೂರು ಮೌಂಟಿಂಗ್‌ಗಳ ಕೆಲಸ ಒಂದೇ ಅಲ್ಲ. ಅಡ್ಡಲಾಗಿ ಕೂರಿಸಿದ ಎಂಜಿನ್ನಿನಲ್ಲಿ ಎಡಬಲದ ಎರಡು ಮೌಂಟಿಂಗ್‌ಗಳು ಭಾರ ಹೊರುತ್ತವೆ, ಕೆಳಗಿನ ಟಾರ್ಕ್ ರಾಡ್ ಎಂಜಿನ್ ಹಿಂದೆ ಮುಂದೆ ಹೊರಳದಂತೆ ಹಿಡಿಯುತ್ತದೆ. ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಕೂಡ ಗೇರ್‌ಬಾಕ್ಸಿನೊಳಗೇ ಇರುವುದರಿಂದ, 110 ನ್ಯೂಟನ್ ಮೀಟರ್ ತಿರುಗುಬಲದ ಎಂಜಿನ್ ಮೊದಲ ಗೇರಿನಲ್ಲಿ ಚಕ್ರಕ್ಕೆ ಕೊಡುವ ಸುಮಾರು 1,500 ನ್ಯೂಟನ್ ಮೀಟರಿನ ಪ್ರತಿಕ್ರಿಯೆಯನ್ನು ಈ ಮೌಂಟಿಂಗ್‌ಗಳೇ ತಡೆಯಬೇಕು. ನೀವು ಹೇಳಿದ ಜಗ್ಗಾಟ ಮತ್ತು ಸದ್ದಿಗೆ ನನ್ನ ಮೊದಲ ಅನುಮಾನ ಟಾರ್ಕ್ ರಾಡಿನ ಬುಷ್ (ಅದರೊಳಗಿನ ರಬ್ಬರಿನ ಉಂಗುರ) ಮೇಲೆ. ಬಿಗಿತ ಬೇಕೇ ಬೇಕೆಂದರೆ ಅಲ್ಲಿ ಮಾತ್ರ, ಅದೂ ಗಡಸುತನದ ಶೋರ್ ಎ ಅಳತೆಯಲ್ಲಿ 70ರ ಆಸುಪಾಸಿನ ಬುಷ್ ಹಾಕಿಸಿ. 90ರ ಬುಷ್‌ಗಳು ರೇಸಿನವರಿಗಿರಲಿ. ತಾಯಿಯವರ ಬೆನ್ನು ಮುಖ್ಯವಾದರೆ ಅಲ್ಲಿಗೂ ಕಂಪನಿಯ ರಬ್ಬರೇ ಸಾಕು. ಹೊಸದು ಬಂದರೆ ಗೇರು ತಾನಾಗಿ ಬಿಗಿಯಾಗುತ್ತದೆ.

ಬೆಣ್ಣೆನಗರಿ ಚಾಲಕ:
ವಿವರವಾದ ಉತ್ತರಕ್ಕೆ ಧನ್ಯವಾದ. ನನ್ನ ಕಾರಿನ ಬಲಗಡೆಯದು ದ್ರವ ತುಂಬಿದ ಮೌಂಟಿಂಗ್ ಅಂತೆ, ಬೆಲೆಯೂ ಹೆಚ್ಚು. ಅದರ ಜಾಗಕ್ಕೆ ಅಗ್ಗದ ಸಾದಾ ರಬ್ಬರಿನದನ್ನು ಹಾಕಿಸಿದರೆ ನಷ್ಟವೇನು?

ಹಳೇ ಗ್ಯಾರೇಜ್:
ಹಾಕಿಸಬೇಡಿ. ರಸ್ತೆಯ ಹಂಪಿನ ಮೇಲೆ ಎಂಜಿನ್ ದೊಡ್ಡದಾಗಿ ಕುಣಿಯುವಾಗ ಒಳಗಿನ ದ್ರವವು ಕಿರಿದಾದ ದಾರಿಯಲ್ಲಿ ಹರಿದು ಆ ಕುಣಿತವನ್ನು ಬೇಗ ಅಡಗಿಸುತ್ತದೆ. ಐಡ್ಲಿಂಗ್‌ನ ಸಣ್ಣ ಕಂಪನಕ್ಕೆ ಅದೇ ಮೌಂಟಿಂಗ್ ಮೆತ್ತಗೆ ವರ್ತಿಸುತ್ತದೆ. ಸಾದಾ ರಬ್ಬರಿನಲ್ಲಿ ಈ ಎರಡರಲ್ಲೊಂದನ್ನು ಬಿಟ್ಟುಕೊಡಲೇಬೇಕು. ಮೊದಲು ಅದು ನಿಜಕ್ಕೂ ಹೋಗಿದೆಯೇ ನೋಡಿ: ದ್ರವ ಸೋರಿದ್ದರೆ ಸುತ್ತ ಕಪ್ಪು ಜಿಡ್ಡಿನ ಕಲೆ ಇರುತ್ತದೆ. ಬಾನೆಟ್ ತೆರೆದು, ಕಾರಿನ ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕನ್ನೂ ಒತ್ತಿ, ಒಬ್ಬರು ಮೊದಲ ಗೇರಿನಲ್ಲಿ, ಆಮೇಲೆ ರಿವರ್ಸ್‌ನಲ್ಲಿ ಕ್ಲಚ್ಚನ್ನು ಹಿಡಿಯುವಷ್ಟು ಮಾತ್ರ ಬಿಡಲಿ, ಇನ್ನೊಬ್ಬರು ಪಕ್ಕದಿಂದ ಗಮನಿಸಲಿ. ಎಂಜಿನ್ ಯಾವ ಬದಿಯಲ್ಲಿ ಮೇಲೇಳುತ್ತದೆ, ಎಲ್ಲಿ ಬಡಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಐಡ್ಲಿಂಗ್‌ನ ನಡುಕವೊಂದೇ ಇದ್ದು ಎಂಜಿನ್ ಹೊರಳದಿದ್ದರೆ ಪ್ಲಗ್ ಮತ್ತು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ನೋಡಿಸಿದ ಮೇಲೆ ಮೌಂಟಿಂಗ್‌ಗೆ ದುಡ್ಡು ಹಾಕಿ.

ಕೂರಿಸುವಾಗ ಎಂಜಿನ್ನನ್ನು ಜ್ಯಾಕಿನಲ್ಲಿ ಎತ್ತಿ ಹಿಡಿದಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿಯಲು ಬಿಡಬೇಡಿ. ಜ್ಯಾಕ್ ಇಳಿಸಿ, ಭಾರವೆಲ್ಲ ಮೌಂಟಿಂಗ್‌ಗಳ ಮೇಲೆ ಕುಳಿತ ಮೇಲೆ ಎಂಜಿನ್ನನ್ನು ಕೈಯಿಂದ ಒಂದೆರಡು ಸಲ ಅಲುಗಿಸಿ, ಆನಂತರ ಕಂಪನಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಉಳಿದು, ಹೊಸ ಮೌಂಟಿಂಗ್ ಹಾಕಿಯೂ ನಡುಕ ಹೋಗದು. ಹಳೆಯದನ್ನು ತೆಗೆದಾಗ ರಬ್ಬರು ಉಬ್ಬಿ ಮೆತ್ತಗಾಗಿದ್ದರೆ ಮೇಲಿನಿಂದ ಆಯಿಲ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಆ ಸೋರಿಕೆ ನಿಲ್ಲಿಸಿದ ಮೇಲೆಯೇ ಹೊಸದನ್ನು ಹಾಕಿಸಿ.