ಕಣ್ಣೊರೆಸಿಕೊಂಡಿದ್ದು ಬೆಳಗ್ಗೆ, ಎತ್ತು ಮಾರಿದ್ದು ಮಧ್ಯಾಹ್ನ. ಈ ಶಾಟ್ ಎಲ್ಲಿಡಲಿ?

ಮದುವೆ_ವಿಡಿಯೋದವನು (ಮೈಸೂರು)

ನಾನು 11 ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಅವರಮ್ಮ ಅಳದಿದ್ದರೆ "ಅಮ್ಮಾ, ಇನ್ನೊಂದ್ಸಲ ತಬ್ಕೊಳ್ಳಿ" ಅಂತ ಹೇಳಿ ಅಳಿಸಿದ್ದೂ ಉಂಟು. ಹೊಟ್ಟೆಪಾಡು. ಅದು ಸಾಕೆನಿಸಿ, ಈ ಸಲ ಮುಡುಕುತೊರೆ ದನಗಳ ಜಾತ್ರೆಯಲ್ಲಿ ನಾಲ್ಕು ದಿನ ನನ್ನ ಖುಷಿಗೆ ಕ್ಯಾಮೆರಾ ಹಿಡಿದು ಕೂತೆ. ಯಾರನ್ನೂ ಏನೂ ಕೇಳಬಾರದು, "ಈ ಕಡೆ ತಿರುಗಿ" ಅನ್ನಬಾರದು, ವಾಯ್ಸ್ ಓವರ್ ಬೇಡ, ಸಂಗೀತ ಬೇಡ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ.

ಮಳವಳ್ಳಿ ಕಡೆಯ ಒಬ್ಬ ಯಜಮಾನರು ಒಂದು ಜೊತೆ ಹಳ್ಳಿಕಾರ್ ಎತ್ತು ತಂದಿದ್ದರು. ಬಂದವರೆಲ್ಲ ಬಾಯಿ ಬಿಡಿಸಿ ಹಲ್ಲು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ನೋಡೋರು. ವ್ಯಾಪಾರ ಮಾತ್ರ ಟವೆಲ್ ಕೆಳಗೆ, ಬೆರಳು ಹಿಡಿದು. ಎರಡೇ ಅಡಿ ದೂರದಲ್ಲಿದ್ದೆ, ಆದರೂ ರೇಟು ನನಗೂ ಕಾಣಲಿಲ್ಲ, ಕ್ಯಾಮೆರಾಕ್ಕೂ ಕಾಣಲಿಲ್ಲ. ಸಿಕ್ಕಿದ್ದು ಅಲ್ಲಾಡುವ ಟವೆಲ್ಲು, ದಳ್ಳಾಳಿಯ ಹುಬ್ಬು, ಅಷ್ಟೇ. (ಎಲ್ಲಾ ಕಂಡುಬಿಡುತ್ತದೆ ಅಂದುಕೊಂಡು ಹೋದವನಿಗೆ ಚೆನ್ನಾಗೇ ಆಯ್ತು.)

ಮೂರನೇ ದಿನ ಮಧ್ಯಾಹ್ನ ಎತ್ತು ಹೋದವು. ಯಜಮಾನರು ದುಡ್ಡು ಎಣಿಸಿ ಒಳಜೇಬಿಗೆ ಇಟ್ಟರು, ಬಿಚ್ಚಿದ ಹಳೇ ಹಗ್ಗ ಹೆಗಲಿಗೆ ಹಾಕ್ಕೊಂಡರು, ಬೀಡಿ ಹಚ್ಚಿದರು. ಮುಖದಲ್ಲಿ ಏನೂ ಇಲ್ಲ. ಅವರು ಕಣ್ಣೊರೆಸಿಕೊಳ್ಳುವ ಶಾಟ್ ಒಂದು ನನ್ನ ಹತ್ತಿರ ಇದೆ, ಆದರೆ ಅದು ಅವತ್ತು ಬೆಳಗ್ಗೆಯದು, ಮೂರು ಕಲ್ಲಿನ ಒಲೆಯ ಹೊಗೆಗೆ. ಎಡಿಟ್ ಮಾಡುವಾಗ ಅದನ್ನು ತಂದು ಎತ್ತು ಹೊರಟ ಶಾಟ್ ಆದಮೇಲೆ ಇಟ್ಟೆ. ನನ್ನ ಹೆಂಡತಿ ನೋಡಿ ಅತ್ತೇಬಿಟ್ಟಳು.

ಯಾರ ಬಾಯಲ್ಲೂ ಏನೂ ಹೇಳಿಸಿಲ್ಲ, ಎಲ್ಲಾ ನಿಜವಾದ ಶಾಟೇ. ಆದರೂ ಮತ್ತೆ ಮದುವೆಮನೆ ಕೆಲಸವನ್ನೇ ಮಾಡಿದೆ ಅನ್ನಿಸ್ತಿದೆ.

ಕತ್ತರಿ_ಕೆಲಸ

ಇಡಿ ಸಾರ್, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೊವ್ ನೂರು ವರ್ಷದ ಹಿಂದೆಯೇ ಒಬ್ಬ ನಟನ ಒಂದೇ ನಿರ್ಭಾವ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ್ದ. ಒಂದು ಕಡೆ ಜನಕ್ಕೆ ಹಸಿವು ಕಾಣ್ತು, ಇನ್ನೊಂದು ಕಡೆ ದುಃಖ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಫ್ರೆಡರಿಕ್ ವೈಸ್‌ಮನ್ 1967ರಿಂದ ಸಂದರ್ಶನ ಇಲ್ಲದೆ, ನಿರೂಪಣೆ ಇಲ್ಲದೆ ಚಿತ್ರ ಮಾಡಿದವರು. ಅವರೂ ತಿಂಗಳುಗಟ್ಟಲೆ ಎಡಿಟ್ ಟೇಬಲ್ ಮುಂದೆ ಕೂತು ಹಿಂದುಮುಂದು ಜೋಡಿಸಿಯೇ ಚಿತ್ರ ಕಟ್ಟುತ್ತಿದ್ದರು. ಕ್ಯಾಮೆರಾ ಎಲ್ಲಿಟ್ಟಿರೋ ಅಲ್ಲೇ ನಿಮ್ಮ ಆಬ್ಜೆಕ್ಟಿವಿಟಿ ಮುಗೀತು.

ಸೌಂಡ್_ಸುಮ್ಮನೆ

ಒಪ್ಪಲ್ಲ. ಹಿಂದುಮುಂದು ಮಾಡೋದು ಬೇರೆ, ಹೊಗೆಯನ್ನ ಕಣ್ಣೀರು ಮಾಡೋದು ಬೇರೆ. ಬೆಳಗಿನ ಒಲೆ ಶಾಟ್ ಸಂಜೆಗೆ ಹೋದರೆ ಯಾರಿಗೂ ಏನೂ ಆಗಲ್ಲ. ಇಲ್ಲಿ ಒಬ್ಬ ಮನುಷ್ಯ ಮಾಡದೇ ಇದ್ದದ್ದನ್ನ ನೀವು ಅವರ ತಲೆಗೆ ಕಟ್ತಾ ಇದೀರಿ.

ಅಂದಹಾಗೆ ವೈಸ್‌ಮನ್ ಶೂಟಿಂಗ್‌ನಲ್ಲಿ ಕ್ಯಾಮೆರಾ ಬೇರೆಯವರಿಗೆ ಕೊಟ್ಟು ಸೌಂಡ್ ತಾವೇ ಹಿಡೀತಿದ್ದರು. ನಿಮ್ಮ ಸೌಂಡ್ ಏನಾಯ್ತು? ಎತ್ತು ದೂರ ಹೋಗ್ತಾ ಕೊರಳಿನ ಗಂಟೆ ಸಣ್ಣಗಾಗಿರತ್ತಲ್ಲ, ಅದು ಬೀಡಿ ಶಾಟ್ ಮೇಲೆ ಇದೆಯಾ? ಶಾಟ್ ಎಷ್ಟು ಉದ್ದ ಇದೆ?

ಕೊಟ್ಟಿಗೆ_ಖಾಲಿ (ಕೆ.ಆರ್. ಪೇಟೆ)

ಸಿನಿಮಾ ನಂಗೆ ಗೊತ್ತಿಲ್ಲ, ಎತ್ತು ಮಾರಿದ್ದು ಗೊತ್ತು. ನಮ್ಮಪ್ಪ ಹೇಮಗಿರಿ ಜಾತ್ರೆಲಿ ಜೊತೆ ಕೊಟ್ಟು ಬಂದಾಗ ಅಳ್ನಿಲ್ಲ. ಬಸ್ಸಲ್ಲಿ ಕಡ್ಲೆಪುರಿ ತಿಂದ್ಕೊಂಡೇ ಬಂದ್ರು. ಮಾರ್ನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹುಲ್ಲು ಹಾಕಕ್ಕೆ ಕೊಟ್ಟಿಗೆಗೆ ಹೋಗಿದ್ರು, ಹುಲ್ಲು ತಬ್ಕೊಂಡೇ ವಾಪಸ್ ಬಂದ್ರು. ನಾನು ಎದ್ದಿದ್ದೆ, ಆದ್ರೂ ಮಲಗಿರೋ ಥರ ಇದ್ದೆ. ನೀವು ಕಣ್ಣೀರು ಅಂಟಿಸಿದ್ರೆ ನಮ್ಮಪ್ಪಂಥೋರಿಗೆ ಅದು ಯಾರ್ದೋ ಮುಖ ಅನ್ಸುತ್ತೆ. ಒಂದ್ಸಲ ಆ ಯಜಮಾನ್ರಿಗೇ ತೋರಿಸಿ.

ಸೌಂಡ್_ಸುಮ್ಮನೆ

ಹೌದು, ತೋರಿಸಿ. ಫ್ರಾನ್ಸಿನ ಝಾನ್ ರೂಶ್, ಎಡ್ಗರ್ ಮೊರಿನ್ ಪ್ಯಾರಿಸ್‌ನಲ್ಲಿ ಮಾಡಿದ 1961ರ ಸಾಕ್ಷ್ಯಚಿತ್ರದಲ್ಲಿ ಅದನ್ನೇ ಮಾಡಿದರು. ಚಿತ್ರದಲ್ಲಿದ್ದವರಿಗೇ ತೋರಿಸಿ, ಅವರು ಆಡಿದ ಮಾತು, ಮಾಡಿದ ಜಗಳ ಎಲ್ಲಾ ಕೊನೆಗೆ ಸೇರಿಸಿಬಿಟ್ಟರು.

ಮದುವೆ_ವಿಡಿಯೋದವನು (ಮೈಸೂರು)

ಬೀಡಿ ಶಾಟ್ 41 ಸೆಕೆಂಡ್ ಇದೆ. ಬೋರ್ ಆಗುತ್ತೆ ಅಂತ ಎಂಟಕ್ಕೆ ಇಳಿಸಿದ್ದೆ. ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿದೆ, ಇಪ್ಪತ್ತೈದನೇ ಸೆಕೆಂಡ್‌ವರೆಗೂ ಗಂಟೆ ಕೇಳುತ್ತೆ. ಅಲ್ಲೀವರೆಗೂ ಅವರು ಬೀಡಿ ಎಳೆದೇ ಇಲ್ಲ, ಕೈಯಲ್ಲಿ ಸುಮ್ಮನೆ ಉರೀತಿದೆ. ಇದನ್ನ ನಾನು ನೋಡೇ ಇರಲಿಲ್ಲ.

ಭಾನುವಾರ ಲ್ಯಾಪ್‌ಟಾಪ್ ತಗೊಂಡು ಅವರ ಊರಿಗೆ ಹೋದೆ. ಜಗಲಿ ಮೇಲೆ ಮೊಮ್ಮಕ್ಕಳೆಲ್ಲ ಮುತ್ತಿಕೊಂಡು ನೋಡಿದರು. ಕಣ್ಣೊರೆಸೋ ಶಾಟ್ ಬಂದಾಗ ಯಜಮಾನರು "ಹೊಗೆ ಕನಪ್ಪ ಅದು" ಅಂದರು, ಮನೆಯವರೆಲ್ಲ ನಕ್ಕರು. ಬೀಡಿ ಶಾಟ್ ಪೂರ್ತಿ ಹಾಕಿದೆ, ಯಾರೂ ಮಾತಾಡಲಿಲ್ಲ. ಸರಿಯಾಗಿ ಮಾಡಿದೆ ಅಂದುಕೊಳ್ಳುವಷ್ಟರಲ್ಲಿ, ಮೊದಲ ದಿನದ ಶಾಟ್ ಒಂದನ್ನ ಮತ್ತೆ ಹಾಕು ಅಂದರು. ಅವರೇ ಬಲಗಡೆ ಎತ್ತಿನ ಹಿಂಗಾಲು ಎತ್ತಿ ಗೊರಸು ನೋಡ್ತಾ ಇರೋದು. ಚೆನ್ನಾಗಿ ಬಂದಿದೆ ಅಂತ ಪೂರ್ತಿ ಒಂದು ನಿಮಿಷ ಇಟ್ಟಿದ್ದೆ.

ಎರಡು ಸಲ ನೋಡಿದರು. ಆಮೇಲೆ ಮಕ್ಕಳನ್ನ ಆಚೆ ಕಳಿಸಿ, ಪಕ್ಕಕ್ಕೆ ಸರಿದು ಕೂತು ಮೆತ್ತಗೆ ಹೇಳಿದರು: "ಇದೊಂದ ತಗುದ್ಬುಡು ಮಗಾ. ಕೊಂಡ್ಕಂಡೋನು ನೋಡ್ಬುಟ್ಟಾನು."

ಕಣ್ಣೊರೆಸೋ ಶಾಟ್ ವಾಪಸ್ ಒಲೆ ಹತ್ತಿರ ಹೋಯ್ತು. ಗೊರಸಿನದು ಇನ್ನೂ ಟೈಮ್‌ಲೈನ್‌ನಲ್ಲೇ ಇದೆ.