ಸಹಾಯ ಬೇಕು: ಹೊಸ ಶಿಕ್ಷಕರಿಗೆ ಆಸರೆಯಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಶಾಲೆಗೆ ಬಂದ ಹೊಸ ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಕೆಲಸ ನನಗೆ ಬಂದಿದೆ. ಮಕ್ಕಳೆಂದರೆ ಪ್ರೀತಿ ಇರುವವರು. ಆದರೆ ತರಗತಿಯ ಗದ್ದಲ, ತಿದ್ದಬೇಕಾದ ಪುಸ್ತಕಗಳ ರಾಶಿ, ಪೋಷಕರ ಪ್ರಶ್ನೆಗಳು ಎಲ್ಲ ಒಟ್ಟಿಗೆ ಮೇಲೆ ಬಿದ್ದಿವೆ. ಒಬ್ಬರು ಆಗಲೇ ಕೆಲಸ ಬಿಡುವ ಮಾತಾಡುತ್ತಿದ್ದಾರೆ. ಅವರನ್ನು ಕಳೆದುಕೊಳ್ಳಲು ನನಗೆ ಸ್ವಲ್ಪವೂ ಮನಸ್ಸಿಲ್ಲ.

ಥಾಮಸ್ ಸ್ಮಿತ್ ಮತ್ತು ರಿಚರ್ಡ್ ಇಂಗರ್‌ಸೋಲ್ ಅಮೆರಿಕದ ಹೊಸ ಶಿಕ್ಷಕರ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ತಮ್ಮದೇ ವಿಷಯ ಕಲಿಸುವ ಹಿರಿಯರ ಮಾರ್ಗದರ್ಶನ ಸಿಕ್ಕವರು, ಸಹೋದ್ಯೋಗಿಗಳ ಜೊತೆ ಕೂತು ಪಾಠ ಯೋಜಿಸಲು ಸಮಯ ಸಿಕ್ಕವರು ಮೊದಲ ವರ್ಷದ ನಂತರ ಬಿಟ್ಟುಹೋಗುವುದು ಕಡಿಮೆ ಎನ್ನುತ್ತದೆ ಅದು. ನಾನು ಗಣಿತದವಳು. ಭಾಷೆ, ಸಮಾಜ ವಿಜ್ಞಾನ ಕಲಿಸುವವರಿಗೆ ಎಷ್ಟರ ಮಟ್ಟಿಗೆ ನೆರವಾಗಬಲ್ಲೆ?

ಇನ್ನೊಂದು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕೂತರೆ ತಪಾಸಣೆ ಅಂತ ಹೆದರುತ್ತಾರೆ. ಹೆದರಿಕೆ ಇದ್ದಲ್ಲಿ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ, ಅಲ್ವಾ? ಮೊದಲು ಅವರನ್ನೇ ನನ್ನ ಪಾಠ ನೋಡಲು ಕರೆಯಬೇಕು ಅಂತಿದ್ದೇನೆ. ಹೀಗೆ ಮಾಡಿದವರು ಇದ್ದೀರಾ? ನೋಡಿದ ಮೇಲೆ ಮಾತು ಹೇಗೆ ಶುರು ಮಾಡುತ್ತೀರಿ? ವೇಳಾಪಟ್ಟಿಯಲ್ಲಿ ಇದಕ್ಕೆ ಬಿಡುವು ಕೊಡಿ ಎಂದು ಮುಖ್ಯ ಶಿಕ್ಷಕರನ್ನು ಒಪ್ಪಿಸಿದ್ದು ಹೇಗೆ? ಹೊಸಬರಾಗಿದ್ದಾಗ ನಿಮ್ಮನ್ನು ಉಳಿಸಿಕೊಂಡಿದ್ದು ಏನು ಅಂತಲೂ ದಯವಿಟ್ಟು ಬರೆಯಿರಿ.