ಕಾಡಿನ ವಾನರಗಳ ಹಿಂದೆ ಹೋದ ವಿಜ್ಞಾನಿಗಳು: ಹತ್ತು ವರ್ಷದವಳಿಗೆ ಹೇಗೆ ಹೇಳೋದು?

ಪುಸ್ತಕಹುಳು:
ಮಗಳಿಗೆ ಚಿಂಪಾಂಜಿ ಅಂದ್ರೆ ಪ್ರಾಣ. ಚಿಂಪಾಂಜಿ ಹಿಂದೆ ಹೋದ ಜೇನ್ ಗುಡಾಲ್, ಗೊರಿಲ್ಲಾ ಹಿಂದೆ ಹೋದ ಡಯಾನ್ ಫಾಸಿ, ಒರಾಂಗುಟಾನ್ ಹಿಂದೆ ಹೋದ ಬಿರೂಟೆ ಗಾಲ್ಡಿಕಾಸ್, ಈ ಮೂವರ ಕಥೆಯನ್ನೂ ರಾತ್ರಿ ಮಲಗೋ ಮುಂಚೆ ಹೇಳೋಣ ಅಂತ ಶುರು ಮಾಡಿದೆ. ನನಗೆ ಸಿಕ್ಕಿದ್ದೆಲ್ಲ "ಧೈರ್ಯ ಮಾಡಿದರು, ಕಾಡಿಗೆ ಹೋದರು, ಹೆಸರು ಮಾಡಿದರು" ಅನ್ನೋ ಧಾಟಿಯದ್ದೇ. ಅವಳು ಎರಡೇ ನಿಮಿಷಕ್ಕೆ "ಸರಿ, ಅಲ್ಲಿ ದಿನಾ ಏನು ಮಾಡ್ತಿದ್ರು?" ಅಂದಳು. ನನ್ನ ಬಾಯಿ ಕಟ್ಟಿತು. ಜೊತೆಗೆ, ಫಾಸಿ ಕೊಲೆಯಾದ ವಿಷಯ ಹೇಳಬೇಕಾ ಬೇಡ್ವಾ?

ಮುಂಜಾವು:
ಕಾಯುತ್ತಿದ್ದರು ಅಂತ ಹೇಳಿ, ಅದೇ ನಿಜ! 1960ರ ಜುಲೈನಲ್ಲಿ ಜೇನ್ ಗೊಂಬೆಗೆ ಬಂದರು. (ಆಟದ ಗೊಂಬೆ ಅಲ್ಲ, ಈಗಿನ ಟಾಂಜಾನಿಯಾದಲ್ಲಿ ಟಾಂಗನ್ಯಿಕಾ ಸರೋವರದ ದಡದ ಕಾಡು, ಮಕ್ಕಳು ಇದಕ್ಕೆ ನಕ್ಕೇ ನಗುತ್ತವೆ.) ಆಗ ಅವರಿಗೆ 26 ವರ್ಷ, ಕೈಯಲ್ಲಿ ಡಿಗ್ರಿ ಇಲ್ಲ, ಒಬ್ಬಳೇ ಇರೋ ಹಾಗಿಲ್ಲ ಅಂತ ಅಧಿಕಾರಿಗಳು ಹೇಳಿದ್ದಕ್ಕೆ ಅಮ್ಮನೂ ಜೊತೆಗೆ ಬಂದಿದ್ದರು. ಚಿಂಪಾಂಜಿಗಳು ಇವರನ್ನು ಕಂಡರೆ ಓಟ. ತಿಂಗಳುಗಟ್ಟಲೆ ಗುಡ್ಡದ ಮೇಲೆ ಬೈನಾಕ್ಯುಲರ್ ಹಿಡಿದು ಕೂತರು. ಕೊನೆಗೆ ಒಂದು ದಿನ, ಡೇವಿಡ್ ಗ್ರೇಬಿಯರ್ಡ್ ಅಂತ ಅವರೇ ಹೆಸರಿಟ್ಟ ಗಂಡು ಚಿಂಪಾಂಜಿ ಹುತ್ತದೊಳಗೆ ಹುಲ್ಲುಕಡ್ಡಿ ತೂರಿಸಿ, ಹೊರಗೆಳೆದು, ಅಂಟಿದ್ದ ಗೆದ್ದಲು ತಿನ್ನೋದು ಕಂಡಿತು. ಆಮೇಲೆ ರೆಂಬೆಯ ಎಲೆ ಕಿತ್ತು ಕಡ್ಡಿ ತಯಾರಿಸೋದನ್ನೂ ನೋಡಿದರು. ಉಪಕರಣ ಮಾಡೋದು ಮನುಷ್ಯ ಮಾತ್ರ ಅಂತ ಎಲ್ಲರೂ ನಂಬಿದ್ದ ಕಾಲ ಅದು.

ಬಾಲವಿಲ್ಲದವ:
ಮೊದಲು ಒಂದು ಮಾತು, ಮಗಳಿಗೆ ಹೇಳುವಾಗ ದಯವಿಟ್ಟು ಚಿಂಪಾಂಜಿನ ಮಂಗ ಅನ್ನಬೇಡಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಇವನ್ನೇ ಇಲ್ಲಿ ವಾನರ (ಇಂಗ್ಲಿಷ್‌ನಲ್ಲಿ ape) ಅಂತಿರೋದು, ಇವಕ್ಕೆ ಬಾಲ ಇಲ್ಲ :)
ಗಾಲ್ಡಿಕಾಸ್ ಅವರನ್ನು ಎಲ್ಲರೂ ಕೊನೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ನನಗೆ ಅದೇ ಬೇಜಾರು. 1971ರಲ್ಲಿ ಬೋರ್ನಿಯೋದ ತಂಜುಂಗ್ ಪುಟಿಂಗ್‌ಗೆ ಹೋದರು. ಒರಾಂಗುಟಾನ್ ಗುಂಪು ಕಟ್ಟೋದಿಲ್ಲ, ಎತ್ತರದ ಮರದಲ್ಲಿ ಹೆಚ್ಚಾಗಿ ಒಂಟಿಯಾಗೇ ಇರುತ್ತೆ, ಕೆಳಗಿನ ಜೌಗು ನೆಲದಲ್ಲಿ ನಿಂತು ತಲೆ ಎತ್ತಿ ಹುಡುಕಬೇಕು. ಒಂದು ಮರಿಗೂ ಮುಂದಿನದಕ್ಕೂ ಏಳೆಂಟು ವರ್ಷ ಅಂತರ. ಎರಡು ವರ್ಷ ನೋಡಿ ವಾಪಸ್ ಬಂದರೆ ಏನು ತಿಳಿಯುತ್ತೆ ಹೇಳಿ? ಅದಕ್ಕೇ ಅವರು ದಶಕಗಳ ಕಾಲ ಬಿಡಲಿಲ್ಲ.
ತಪ್ಪುಗಳನ್ನೂ ಹೇಳಿ. ಜೇನ್ ಹತ್ತಿರ ಕರೆಯೋಕೆ ಬಾಳೆಹಣ್ಣು ಇಟ್ಟರು, ಚಿಂಪಾಂಜಿಗಳ ಜಗಳ ಜಾಸ್ತಿಯಾಯಿತು.

ಹಳೇಚಪ್ಪಲಿ:
ಫಾಸಿ ವಿಷಯ ಮುಚ್ಚಿಡಬೇಡಿ, ಮುಂದೆ ಎಲ್ಲೋ ಓದೇ ಓದುತ್ತಾಳೆ. ಆದ್ರೆ ಕೊಲೆಯಿಂದ ಶುರು ಮಾಡಬೇಡಿ. 1967ರಲ್ಲಿ ರುವಾಂಡಾದ ಬೆಟ್ಟದಲ್ಲಿ ‘ಕರಿಸೋಕೆ’ ಅನ್ನೋ ಹೆಸರಿನ ಶಿಬಿರ ಹಾಕಿದ್ದು, ಗೊರಿಲ್ಲಾಗಳನ್ನು ಮೂಗಿನ ಮೇಲಿನ ಗೆರೆ ನೋಡಿ ಗುರುತಿಸ್ತಿದ್ದಿದ್ದು, ಅದು ಮೊದಲು. ಅವರ ಅಚ್ಚುಮೆಚ್ಚಿನ ಡಿಜಿಟ್ ಅನ್ನೋ ಗೊರಿಲ್ಲಾನ 1977ರ ಕೊನೆಯಲ್ಲಿ ಕಳ್ಳಬೇಟೆಗಾರರು ಕೊಂದರು. ಆಮೇಲೆ ಅವರ ಸಿಟ್ಟಿಗೆ ಮಿತಿ ಇರಲಿಲ್ಲ, ಬೇಟೆಗಾರರ ಜೊತೆ ನಡೆದುಕೊಂಡ ರೀತಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1985ರ ಡಿಸೆಂಬರ್‌ನಲ್ಲಿ ಅವರನ್ನೇ ಕೊಂದರು, ಯಾರು ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಅಷ್ಟು ಸಾಕು ಹತ್ತು ವರ್ಷಕ್ಕೆ.
ಆ ಕಥೆ ಅಲ್ಲೇ ನಿಲ್ಲಿಸಬೇಡಿ. ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಇದ್ದಾರೆ. ಬ್ವಿಂಡಿ ಕಾಡಿನ ಗೊರಿಲ್ಲಾಗಳಿಗೆ ಮನುಷ್ಯರಿಂದ ಕಜ್ಜಿ ಅಂಟಿದ್ದನ್ನು ಕಂಡು, ಸುತ್ತಲಿನ ಊರಿನ ಜನರ ಆರೋಗ್ಯಕ್ಕೂ ಕೈ ಹಾಕಿದರು. 2018ರ ಹೊತ್ತಿಗೆ ಬೆಟ್ಟದ ಗೊರಿಲ್ಲಾಗಳ ಎಣಿಕೆ ಸಾವಿರ ದಾಟಿತ್ತು.

ಪುಸ್ತಕಹುಳು:
ಎಲ್ಲರಿಗೂ ಥ್ಯಾಂಕ್ಸ್. ಡಿಜಿಟ್ ಕಥೆಗೆ ಸುಮ್ನೆ ಕೂತಳು, ಏನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಕೇಳಿದ್ದು: "ಆ ಕಡ್ಡಿಗೆ ಗೆದ್ದಲು ಯಾಕೆ ಅಂಟಿಕೊಳ್ಳುತ್ತೆ, ಗೋಂದು ಹಚ್ಚಿರುತ್ತಾ?"

ಮುಂಜಾವು:
ಹ್ಹಹ್ಹ, ಗೋಂದೂ ಇಲ್ಲ ಏನೂ ಇಲ್ಲ. ಗೂಡಿಗೆ ಯಾರೋ ನುಗ್ಗಿದರು ಅಂತ ಗೆದ್ದಲು ಕಡ್ಡಿಯನ್ನೇ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತೆ, ಬಿಡಲ್ಲ.